ಒಟಾನಿ ಲೆಕ್ಕದಲ್ಲಿ 20 ಲಕ್ಷವಲ್ಲ, 4.6 ಕೋಟಿ

ಅಮೆರಿಕದ ಬೇಸ್‌ಬಾಲ್ ಸೀಸನ್ ಮುಗಿದು ಆಟಗಾರರನ್ನು ಕೊಳ್ಳುವ ಕಾಲ ಬಂದರೆ ಸಾಕು, ಹಳೇ ಮಾತೊಂದು ಮತ್ತೆ ಓಡಾಡುತ್ತದೆ: "ಜಪಾನಿನ ಆಟಗಾರ ಶೋಹೇ ಒಟಾನಿಗೆ ಅವನ ತಂಡ ಡಾಡ್ಜರ್ಸ್ ವರ್ಷಕ್ಕೆ ಕೊಡೋದು ಬರೀ 20 ಲಕ್ಷ ಡಾಲರ್. ಐಷಾರಾಮಿ ತೆರಿಗೆ ಲೆಕ್ಕಕ್ಕೂ ಅಷ್ಟೇ." ಮೊದಲ ಮಾತು ನಿಜ. ಎರಡನೆಯದು ತಪ್ಪು. (ಐಷಾರಾಮಿ ತೆರಿಗೆ ಅಂದರೆ, ಆಟಗಾರರ ಸಂಬಳದ ಒಟ್ಟು ಲೆಕ್ಕ ಮಿತಿ ಮೀರಿದರೆ ತಂಡ ಲೀಗ್‌ಗೆ ಕಟ್ಟಬೇಕಾದ ತೆರಿಗೆ.)

2023ರ ಡಿಸೆಂಬರ್‌ನಲ್ಲಿ ಆದ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್. ವರ್ಷದ 7 ಕೋಟಿಯಲ್ಲಿ 20 ಲಕ್ಷ ಆಗಲೇ ಕೈಗೆ, ಉಳಿದ 6.8 ಕೋಟಿ 2034ರಿಂದ 2043ರವರೆಗೆ, ಅದೂ ಬಡ್ಡಿಯಿಲ್ಲದೆ. ಆದರೆ ತೆರಿಗೆಗೆ ಲೀಗ್ ನೋಡುವುದು ಆ ಹಣದ ಇವತ್ತಿನ ಬೆಲೆಯನ್ನು. ಶೇ. 4.43ರ ದರದಲ್ಲಿ, ಹತ್ತು ವರ್ಷ ಬಿಟ್ಟು ಬರುವ 100 ಡಾಲರ್‌ಗೆ ಈಗಿನ ಬೆಲೆ ಸುಮಾರು 65. ಹಾಗಾಗಿ 6.8 ಕೋಟಿ ಹತ್ತಿರ ಹತ್ತಿರ 4.4 ಕೋಟಿ ಆಗುತ್ತದೆ. ಅದಕ್ಕೆ 20 ಲಕ್ಷ ಸೇರಿಸಿ: 4.6 ಕೋಟಿ. ತಂಡದ ಲೆಕ್ಕದಲ್ಲಿ ಒಟಾನಿ ಹೆಸರಿಗೆ ಪ್ರತಿ ವರ್ಷ ಬೀಳುವುದು ಇಷ್ಟು. ಚೀಟಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

7 ಕೋಟಿಗಿಂತ ಇದು ಕಡಿಮೆ, ತಂಡಕ್ಕೆ ಲಾಭವೇ. ನಾನೂ ಗೊಣಗಿದವನೇ. ಆದರೆ ಮುಂದೂಡಿದ ಹಣವನ್ನು ಸುಮ್ನೆ ಮರೆಯುವ ಹಾಗಿಲ್ಲ. ಸೀಸನ್ ಮುಗಿದ ಮೇಲೆ ಬರುವ ಎರಡನೇ ಜುಲೈ 1ರೊಳಗೆ ಅದರ ಇವತ್ತಿನ ಬೆಲೆಯಷ್ಟನ್ನು ಎತ್ತಿಡಬೇಕು. ಇನ್ನು ತೆರಿಗೆ ತಪ್ಪಿಸಿಕೊಂಡರು ಅನ್ನುವುದಾದರೆ, 2024ರ ಮಿತಿ 23.7 ಕೋಟಿ ಇತ್ತು. ಅದನ್ನು ಮೀರಿದ ಡಾಡ್ಜರ್ಸ್ ಆ ವರ್ಷ ಕಟ್ಟಿದ ತೆರಿಗೆಯೇ 10 ಕೋಟಿ ಡಾಲರ್‌ಗಿಂತ ಜಾಸ್ತಿ.