ಹಂಪ್ ಯಾರ ಮನೆ ಮುಂದೆ?

ಶಿವಮೊಗ್ಗದ ದುರ್ಗಿಗುಡಿಯ ಫುಟ್‌ಪಾತಿನಲ್ಲಿ ನನ್ನ ಪಾಡಿಗೆ ನಡೆಯುತ್ತಿದ್ದೆ. ಹಿಂದಿನಿಂದ ಹಾರನ್. ತಿರುಗಿದರೆ ಸ್ಕೂಟರು, ಅದೂ ಫುಟ್‌ಪಾತಿನ ಮೇಲೆ! 'ಅಂಕಲ್, ಸ್ವಲ್ಪ ಸೈಡು' ಅಂದ ಹುಡುಗ. ಮರ್ಯಾದೆಯಿಂದಲೇ ಕೇಳಿದ, ಬೈಯುವ ಹಾಗೂ ಇಲ್ಲ. ರಸ್ತೆಗಿಳಿದು ದಾರಿ ಬಿಟ್ಟೆ.

ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ, ರಸ್ತೆ ಹೇಗಿರಬೇಕೆಂದು ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕ ಹೇಳುತ್ತದೆ. ಒಂದು ಗೇಣೂ ಇಲ್ಲ. ನಮ್ಮಲ್ಲಿ ಕೆಲವು ಕಡೆ ಅಜ್ಜಿಯರನ್ನು ಇಬ್ಬರು ಹಿಡಿದು ಹತ್ತಿಸಬೇಕು. ಸ್ಕೂಟರಿಗೆ ಮಾತ್ರ ಗೇಟು ಗೇಟಿಗೂ ಇಳಿಜಾರು.

ನಡೆಯುವವರಿಗೆ, ಸೈಕಲ್ಲಿನವರಿಗೆ ಊರವರೇ ಸೇರಿ ಏನು ಮಾಡಬಹುದು ಅಂತ ಬರೆಯಲು ಕೂತೆ. ಆದರೆ ವಿನೋಬನಗರದ ನಮ್ಮ ಬೀದಿಯ ಹಂಪಿನ ಕತೆ ಹೇಳದೆ ಪೆನ್ನು ಮುಂದೆ ಹೋಗುತ್ತಿಲ್ಲ.

ಬೆಳಗ್ಗೆ ಹೈಸ್ಕೂಲ್ ಮಕ್ಕಳ ಸೈಕಲ್ಲುಗಳು ಇದೇ ಬೀದಿಯಲ್ಲಿ ಹೋಗುತ್ತವೆ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತು. ತುಳಿಯಲು ಜಾಗ ಯಾರೂ ಕೊಡಲಿಲ್ಲ. ಒಂದು ದಿನ ಒಬ್ಬ ಹುಡುಗಿಗೆ ಬೈಕು ತಾಗಿ ಮಂಡಿ ತರಚಿತು. ಸಂಜೆಯೇ ಎಲ್ಲರೂ ಗಣಪತಿ ಗುಡಿಯ ಕಟ್ಟೆಯಲ್ಲಿ ಸೇರಿದೆವು. ಹಂಪ್ ಬೇಕು. ಒಬ್ಬರೂ ಎದುರಾಡಲಿಲ್ಲ.

ಎಲ್ಲಿ ಅಂದ ಕೂಡಲೇ ಕೆಟ್ಟಿತು.

'ನಮ್ಮನೆ ಮುಂದೆ ಬೇಡ. ರಾತ್ರಿ ಮರಳಿನ ಲಾರಿ ದಡಾರ್ ಅಂದ್ರೆ ನಿದ್ದೆ ಹೋಯ್ತು' ಅಂದರು ಮೇಷ್ಟ್ರು. 'ಆಷಾಢದ ಮಳೆಗೆ ನೀರು ಕಟ್ಟಿ ನಮ್ಮ ಗೇಟಿಗೇ ನುಗ್ಗತ್ತೆ ಮಾರಾಯ್ರೆ' ಅಂದರು ಅಡಿಕೆ ಮಂಡಿಯವರು. ಮೂಲೆಮನೆಯ ಅಕ್ಕ ಧಾರಾಳಿ. 'ನಮ್ಮನೆ ಮುಂದೇ ಹಾಕಿ, ಆದ್ರೆ ಚೂರು ಆಚೆಗೆ' ಅಂದರು. ಆಚೆಗೆ ಅಂದರೆ ಮೇಷ್ಟ್ರ ಮನೆ. ಕೋಡುಬಳೆ ಬಂತು, ಕಾಫಿ ಬಂತು, ಹಳೇ ಕಾಂಪೌಂಡ್ ಜಗಳವೂ ಬಂತು. ಕಡೆಗೆ ಖಾಲಿ ಸೈಟಿನ ಮುಂದೆ ಅಂತ ತೀರ್ಮಾನವಾಯಿತು. ಅಲ್ಲಿ ರಸ್ತೆ ದಾಟುವವರು ಯಾರೂ ಇಲ್ಲ. ಸೈಟಿನ ಓನರ್ ಬೆಂಗಳೂರಿನಲ್ಲಿದ್ದಾರೆ, ತಕರಾರು ಮಾಡುವವರೂ ಇಲ್ಲ.

ಅರ್ಜಿ ಗಿರ್ಜಿ ಯಾರು ಬರೀತಾರೆ ಅಂತ, ಮನೆ ಕಟ್ಟಿಸುತ್ತಿದ್ದ ಒಬ್ಬರ ಹತ್ತಿರ ಉಳಿದಿದ್ದ ಕಾಂಕ್ರೀಟ್ ತಂದು ಸುರಿಸಿಯೇ ಬಿಟ್ಟರು. ನಿಯಮದ ಹಂಪ್ 3.7 ಮೀಟರ್ ಉದ್ದಕ್ಕೆ ಹರಡಿಕೊಂಡು, ನಡುವೆ 10 ಸೆಂಟಿಮೀಟರ್ ಮಾತ್ರ ಏಳಬೇಕು. 25 ಕಿಲೋಮೀಟರ್ ವೇಗದಲ್ಲಿ ಬಂದವರು ಸೊಂಟ ಉಳಿಸಿಕೊಂಡು ದಾಟಬೇಕು. ನಮ್ಮದು ಬಡಕಲು ಎಮ್ಮೆಯ ಬೆನ್ನಿನಷ್ಟು ಚೂಪು. ಬಿಳಿ ಪಟ್ಟೆ ಇಲ್ಲ, ಬೋರ್ಡಿಲ್ಲ. ಮಂಡಿಯವರ ಸಮಾಧಾನಕ್ಕೆ, ನೀರು ಹರಿಯಲಿ ಅಂತ ಎರಡೂ ತುದಿಯಲ್ಲಿ ಒಂದೊಂದು ಅಡಿ ಸಂದಿ.

ಬೈಕಿನವರಿಗೆ ಇನ್ನೇನು ಬೇಕು? ಎಲ್ಲರೂ ಆ ಸಂದಿಯಲ್ಲೇ ನುಗ್ಗುತ್ತಾರೆ, ವೇಗ ಒಂಚೂರೂ ಇಳಿಸದೆ. ನಾವು ನಡೆಯುವುದು, ಮಕ್ಕಳು ಸೈಕಲ್ ತುಳಿಯುವುದು ಅದೇ ಅಂಚಿನಲ್ಲಿ ಅಲ್ವಾ? ಸಂದಿಗೆ ಎರಡು ಕಲ್ಲು ನೆಡೋಣ ಅಂದೆ. 'ನೀರು ನಿಲ್ಲತ್ತೆ' ಅಂದರು ಮಂಡಿಯವರು. ಅಲ್ಲಿ ಎಲ್ಲರಿಗಿಂತ ಜೋರಾಗಿ ನುಗ್ಗುವುದು ಅವರ ಮಗನೇ. ಸುಮ್ನೆ ಹೇಳಿದೆ.

ಮೇಷ್ಟ್ರೂ ನಾನೂ ಈಗ ವಾಕಿಂಗಿಗೆ ನಡುರಸ್ತೆಯನ್ನೇ ಹಿಡಿದಿದ್ದೇವೆ. ಹಂಪಿನ ನಡುವಿಗೆ ಬೈಕುಗಳು ಬರುವುದಿಲ್ಲ. ಕಾರು ಬಂದರೆ ನಮಗಲ್ಲದಿದ್ದರೂ ಹಂಪಿಗೆ ಹೆದರಿ ನಿಂತೇ ನಿಲ್ಲುತ್ತದೆ.