ವಾಡಿಕೆ ಮಳೆ ಎಂದರೆ ಯಾವ ವಾಡಿಕೆ?

ನಮ್ಮ ಮನೆಯ ಕಣದ ಅಂಚಿನಲ್ಲಿ, ಮರದ ನೆರಳು ಬೀಳದ ಜಾಗದಲ್ಲಿ, ಒಂದು ಮಳೆಮಾಪಕವಿದೆ. ಅಪ್ಪ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ರಟ್ಟಿನ ಪುಸ್ತಕಕ್ಕೆ ಬರೆಯುತ್ತಿದ್ದರು. ಕಾಫಿ ಬೆಳೆಯುವ ಊರುಗಳಲ್ಲಿ ಇದು ವಿಶೇಷವೇನಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಎಷ್ಟು ಬಿತ್ತು, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತೇ ಎಂಬುದರ ಮೇಲೆ ಇಲ್ಲಿ ವರ್ಷದ ಫಸಲು ನಿಂತಿರುತ್ತದೆ.

ಆ ಪುಸ್ತಕದಲ್ಲಿ ವರ್ಷದ ಮೊತ್ತವನ್ನಷ್ಟೇ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ದಿನದ ಸಾಲುಗಳನ್ನು ಓದಬೇಕು. ಹಳೆಯ ಪುಟಗಳಲ್ಲಿ ಆರಿದ್ರಾ ಮಳೆ ಹಿಡಿದರೆ ಪುಷ್ಯ ಮಳೆ ಮುಗಿಯುವವರೆಗೂ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ, ಖಾಲಿ ಸಾಲು ಅಪರೂಪ. ಇತ್ತೀಚಿನ ಪುಟಗಳಲ್ಲಿ ವಾರಗಟ್ಟಲೆ ಮಳೆಯಿಲ್ಲವೆಂಬ ಅಡ್ಡಗೆರೆ, ಆಮೇಲೆ ಹಿಂದೆಲ್ಲ ಒಂದು ವಾರದಲ್ಲಿ ಬೀಳುತ್ತಿದ್ದಷ್ಟು ಮಳೆ ಒಂದೇ ದಿನಕ್ಕೆ. ಮೊತ್ತ ಸರಿಹೋಗಬಹುದು, ಆದರೆ ಸೋನೆಯಾಗಿ ಇಪ್ಪತ್ತು ದಿನ ಬಿದ್ದ ಹತ್ತು ಇಂಚು ಒರತೆಗೆ ಇಳಿಯುತ್ತದೆ, ಎರಡು ದಿನದಲ್ಲಿ ಸುರಿದ ಹತ್ತು ಇಂಚು ಮೇಲ್ಮಣ್ಣಿನ ಸಮೇತ ಹಳ್ಳಕ್ಕೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಯಾವಾಗ ಹೊಳವಾಗುತ್ತದೆ, ಅಂದರೆ ಮಳೆ ಬಿಡುವು ಕೊಡುತ್ತದೆ ಎಂಬ ಅಂದಾಜೂ ಈಗ ಕೈಗೆ ಸಿಗುತ್ತಿಲ್ಲ.

ಒಂದು ಮನೆಯ ಪುಸ್ತಕದಿಂದ ನಾಡಿನ ಮಳೆಯ ಬಗ್ಗೆ ತೀರ್ಮಾನಿಸುವುದು ಸರಿಯಲ್ಲವೆಂದು ನನಗೂ ಗೊತ್ತು. ಆದರೆ ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಹವಾಮಾನ ಬದಲಾವಣೆಯ ವರದಿಯೂ ಇದನ್ನೇ ದೊಡ್ಡ ಅಳತೆಯಲ್ಲಿ ಹೇಳುತ್ತದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಕಡಿಮೆಯಾಗಿದೆ, ಇಳಿಕೆ ಎದ್ದು ಕಂಡಿರುವ ಪ್ರದೇಶಗಳಲ್ಲಿ ಗಂಗಾ ಬಯಲಿನ ಜೊತೆಗೆ ನಮ್ಮ ಪಶ್ಚಿಮ ಘಟ್ಟವೂ ಸೇರಿದೆ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿದ ಮಳೆಯ ಪ್ರಸಂಗಗಳು ಸುಮಾರು ಶೇ. 75ರಷ್ಟು ಹೆಚ್ಚಾಗಿವೆ.

ಇನ್ನು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುವ ‘ವಾಡಿಕೆ ಮಳೆ’ಯ ವಿಷಯ. ಅದು ಸ್ಥಿರವಾದ ಅಂಕಿಯಲ್ಲ, ಐವತ್ತು ವರ್ಷಗಳ ಸರಾಸರಿ. 2022ರಲ್ಲಿ ಹವಾಮಾನ ಇಲಾಖೆ 1961–2010ರ ಬದಲು 1971–2020ರ ಅವಧಿಯನ್ನು ಆಧಾರವಾಗಿಟ್ಟುಕೊಂಡಾಗ ದೇಶದ ಮುಂಗಾರಿನ ವಾಡಿಕೆ 880.6 ಮಿಲಿಮೀಟರ್‌ನಿಂದ 868.6ಕ್ಕೆ ಇಳಿಯಿತು. ಕ್ರಮದಲ್ಲಿ ತಪ್ಪೇನಿಲ್ಲ, ಆದರೆ ‘ಈ ವರ್ಷ ವಾಡಿಕೆಯಷ್ಟು ಮಳೆ’ ಎಂದಾಗ ಅಳತೆಗೋಲೇ ಮೋಟಾಗಿದೆ ಎಂಬುದು ಓದುವವರಿಗೆ ತಿಳಿದಿರಬೇಕು.

ಕಳೆದ ಕೆಲವು ವರ್ಷಗಳನ್ನು ನೆನಪಿಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರಲ್ಲಿ ಮುಂಗಾರು ತಡವಾಗಿ, ಮಳೆಗಾಗಿ ಕಾದಿದ್ದ ರಾಜ್ಯವನ್ನು ಆಗಸ್ಟ್ ಮೊದಲ ವಾರಗಳಲ್ಲಿ ನೆರೆ ನುಗ್ಗಿ ಮುಳುಗಿಸಿತು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು, ಮತ್ತು ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ಮುಂದಿನ ದಶಕಗಳಲ್ಲಿ ಮುಂಗಾರು ಮಳೆ ಹೆಚ್ಚುತ್ತದೆ ಎಂಬ ಮುನ್ನಂದಾಜು ಕೇಳಿ ಕೆಲವರು ನಿರಾಳರಾಗುತ್ತಾರೆ. ಇಷ್ಟು ವರ್ಷ ಇಳಿದ ಮಳೆ ಏರುವುದು ಹೇಗೆ ಎಂಬುದಕ್ಕೆ ಉತ್ತರವಿದೆ: ಹೊಗೆ, ಗಂಧಕದ ಕಣಗಳು ಸೂರ್ಯನ ಶಾಖವನ್ನು ತಡೆದು ಮುಂಗಾರನ್ನು ದುರ್ಬಲಗೊಳಿಸಿದ್ದವು, ಆ ಕಣಗಳು ಕಡಿಮೆಯಾಗಿ ಬಿಸಿ ಏರಿದಂತೆ, ಪ್ರತಿ ಡಿಗ್ರಿಗೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಅದೇ ಮುನ್ನಂದಾಜು ಇನ್ನೊಂದು ಮಾತನ್ನೂ ಹೇಳುತ್ತದೆ: ಅತಿಮಳೆ ಹೆಚ್ಚುತ್ತದೆ, ವರ್ಷದಿಂದ ವರ್ಷಕ್ಕೆ ಏರಿಳಿತವೂ ಹೆಚ್ಚುತ್ತದೆ. ಹೆಚ್ಚು ಮಳೆ ಎಂದರೆ ಹೆಚ್ಚು ಬೆಳೆ ಎಂದು ಓದಿಕೊಳ್ಳಬಾರದು.

ಹಾಗಾಗಿ ಮೋರಿ, ಕಿರುಸೇತುವೆ, ಕೆರೆಕೋಡಿಗಳ ಅಳತೆಯನ್ನು ಹಳೆಯ ಅಂಕಿಗಳಿಂದಲ್ಲ, ಇತ್ತೀಚಿನ ಅತಿಮಳೆಯ ಗಂಟೆವಾರು ಲೆಕ್ಕದಿಂದ ನಿರ್ಧರಿಸಬೇಕು ಎಂಬುದು ನನ್ನ ಒತ್ತಾಯ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿರುವ ನಮ್ಮ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ.

ಪುಸ್ತಕವನ್ನು ಈಗ ನಾನು ಮುಂದುವರಿಸುತ್ತಿದ್ದೇನೆ. ಅಪ್ಪನ ಕಾಲಂಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು, ಮಳೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸುರಿಯಿತು ಎಂಬುದನ್ನೂ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ.