ಬನ್ನಿ, ಆದರೆ ನಿಲ್ಲಬೇಡಿ

ಮೊನ್ನೆ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನಿಂತು, "ಅಮ್ಮಾ, ಇಟಲಿಯಿಂದ ರಿಜಿಸ್ಟರ್ಡ್ ಬಂದಿದೆ, ಸೈನ್ ಮಾಡಿ" ಅಂದ. ಪಕ್ಕದ ಮನೆಗೂ ಕೇಳಲಿ ಅಂತ ನಾನು ಸ್ವಲ್ಪ ಜೋರಾಗಿಯೇ, "ಇಟಲಿಯಿಂದಲಾ?" ಅಂದೆ. ಒಡೆದು ನೋಡಿದರೆ ದಂಡದ ನೋಟಿಸು. ನಾವು ಅಲ್ಲಿಂದ ಬಂದು ಎಂಟು ತಿಂಗಳಾಗಿತ್ತು. ತಂದ ಚೀಸ್ ಖಾಲಿಯಾಗಿತ್ತು, ಫ್ರಿಜ್ ಮೇಲಿನ ಮ್ಯಾಗ್ನೆಟ್ ಬಿದ್ದು ಒಡೆದಿತ್ತು. ಇಟಲಿ ಮಾತ್ರ ನಮ್ಮನ್ನು ಮರೆತಿರಲಿಲ್ಲ.

ಅಲ್ಲಿನವರಿಗೆ ಇಂಥ ನೋಟಿಸು 90 ದಿನದೊಳಗೆ ಹೋಗಬೇಕು. ಹೊರದೇಶದವರಿಗಾದರೆ 360 ದಿನ ಟೈಮಿದೆ. ದೂರದ ನೆಂಟರಲ್ವಾ, ನಿಧಾನವಾಗಿ ವಿಚಾರಿಸಿಕೊಂಡರಾಯಿತು.

ನಾವು ಮಾಡಿದ ತಪ್ಪು, ಕಡಲ ತೀರದ ಒಂದು ಊರಿನ ಹಳೇ ಪೇಟೆಗೆ ಬಾಡಿಗೆ ಕಾರು ನುಗ್ಗಿಸಿದ್ದು. ಅಂಥ ಜಾಗಕ್ಕೆ ಝಡ್‌ಟಿಎಲ್ ಅಂತ ಹೆಸರು. ಊರವರ ಗಾಡಿ, ಪರ್ಮಿಟ್ ಇದ್ದವರ ಗಾಡಿ ಬಿಟ್ಟು ಬೇರೆಯವು ಬರುವ ಹಾಗಿಲ್ಲ. ಗೇಟಿಲ್ಲ, ಸರಪಳಿಯಿಲ್ಲ, ಸೀಟಿ ಊದುವ ಪೊಲೀಸನಿಲ್ಲ. ಕಂಬದ ಮೇಲೊಂದು ಕ್ಯಾಮೆರಾ, ಅದರ ಪಕ್ಕ ದೀಪದ ಬೋರ್ಡು. ಬೋರ್ಡಿನಲ್ಲಿ 'ವಾರ್ಕೊ ಅತ್ತೀವೊ' ಅಂತ ಹೊಳೆಯುತ್ತಿತ್ತು. ವಾರ್ಕೊ ಅಂದರೆ ಒಳಗೆ ಹೋಗುವ ದಾರಿ. ಅತ್ತೀವೊ ಅಂದರೆ ಆಕ್ಟಿವ್. ದಾರಿ ಆಕ್ಟಿವ್ ಆಗಿದೆ ಅಂದರೆ ಹೋಗಬಹುದು ಅಂತ ತಾನೇ? ಅಲ್ಲವಂತೆ! ದಾರಿ ಕಾಯುವ ಕ್ಯಾಮೆರಾ ಆಕ್ಟಿವ್ ಆಗಿದೆ, ಬಂದರೆ ಜೋಕೆ ಅಂತ ಅರ್ಥ. 'ನೋನ್ ಅತ್ತೀವೊ' ಅಂತಿದ್ದರೆ ಧಾರಾಳವಾಗಿ ಒಳಗೆ ಬರಬಹುದು. ಅಂಗಡಿ ಬಾಗಿಲಿಗೆ 'ತೆರೆದಿದೆ' ಅಂತ ಬೋರ್ಡು ತೂಗುಹಾಕಿ, ಒಳಗೆ ಬಂದವರನ್ನೆಲ್ಲ ಕಳ್ಳರು ಅಂತ ಹಿಡಿದ ಹಾಗಾಯಿತು.

ನೋಟಿಸಿಗಿಂತ ಮೊದಲೇ ಕಾರಿನ ಕಂಪನಿ ನಮ್ಮ ಕಾರ್ಡಿನಿಂದ ದುಡ್ಡು ಎಳೆದಿತ್ತು. ಅದು ದಂಡವಲ್ಲ. ನಮ್ಮ ಹೆಸರು, ವಿಳಾಸ ಪೊಲೀಸರಿಗೆ ಹೇಳಿದ್ದಕ್ಕೆ ಕೂಲಿ. ಚಾಡಿ ಹೇಳುವವರನ್ನು ನೆಂಟರಿಷ್ಟರಲ್ಲಿ ಬೇಕಾದಷ್ಟು ನೋಡಿದ್ದೇನೆ. ಯಾರ ಮೇಲೆ ಚಾಡಿ ಹೇಳಿದರೋ ಅವರ ಹತ್ತಿರವೇ ಕೂಲಿ ಕೇಳಿದವರನ್ನು ಇದೇ ಮೊದಲು ನೋಡಿದ್ದು.

ನಾವೇನು ಕರೆಯದೆ ಹೋದವರಲ್ಲ. 2023ರ ಏಪ್ರಿಲ್‌ನಲ್ಲಿ ಇಟಲಿಯ ಪ್ರವಾಸೋದ್ಯಮ ಸಚಿವಾಲಯ ಇಡೀ ಲೋಕವನ್ನೇ ಕರೆದಿತ್ತು. 'ಓಪನ್ ಟು ಮೆರವೀಲ್ಯಾ', ಅಂದರೆ ಬೆರಗಿಗೆ ತೆರೆದಿದೆ ಅಂತ ಪ್ರಚಾರ, ಖರ್ಚು 90 ಲಕ್ಷ ಯೂರೊ. ಬೊಟಿಚೆಲ್ಲಿ ಬರೆದ ಚಿತ್ರದಲ್ಲಿ ಚಿಪ್ಪಿನ ಮೇಲೆ ಸುಮ್ನೆ ನಿಂತಿದ್ದ ವೀನಸ್ ದೇವಿಯನ್ನು ಕೆಳಗಿಳಿಸಿ, ಗಿಡ್ಡ ಲಂಗ ತೊಡಿಸಿ, ಕೈಗೆ ಪಿಜ್ಜಾ ಕೊಟ್ಟು, ವೆನಿಸ್‌ನಲ್ಲಿ ಸೆಲ್ಫಿ ತೆಗೆಸಿದರು. ವಿಡಿಯೋದಲ್ಲಿ ಒಂದಷ್ಟು ಜನ ಖುಷಿಯಾಗಿ ವೈನ್ ಕುಡಿಯುತ್ತಾರೆ. ಆ ವೈನ್ ತೋಟ ಇರುವುದು ಪಕ್ಕದ ಸ್ಲೊವೇನಿಯಾದಲ್ಲಿ! ಪ್ರಚಾರದ ವೆಬ್‌ಸೈಟಿನ ಜರ್ಮನ್ ಅನುವಾದದಲ್ಲಿ ಬ್ರಿಂಡಿಸಿ ಅನ್ನುವ ಬಂದರು ಪಟ್ಟಣದ ಹೆಸರು 'ಟೋಸ್ಟ್' ಆಯಿತು. ಇಟಾಲಿಯನ್‌ನಲ್ಲಿ ಬ್ರಿಂಡಿಸಿ ಅಂದರೆ ಗ್ಲಾಸೆತ್ತಿ ಚಿಯರ್ಸ್ ಹೇಳುವುದು, ಅದಕ್ಕೆ. ಪಡುಬಿದ್ರಿಗೆ 'ಪಶ್ಚಿಮದಲ್ಲಿ ಬಿದ್ದಿರಿ' ಅಂತ ಬೋರ್ಡು ಬರೆಸಿದ ಹಾಗೆ.

ಅತ್ತ ವೀನಸ್ ಸೆಲ್ಫಿ ತೆಗೆಯುತ್ತಿರುವಾಗಲೇ, ಇತ್ತ ಪೋರ್ಟೊಫಿನೊ ಅನ್ನುವ ಕಡಲ ತೀರದ ಪುಟ್ಟ ಊರಿನಲ್ಲಿ ಕೆಂಪು ವಲಯ ಶುರುವಾಯಿತು. ಸಮುದ್ರ, ಬಣ್ಣದ ಮನೆಗಳು, ದೋಣಿಗಳು ಮೂರೂ ಒಟ್ಟಿಗೆ ಕಾಣುವ ಜಾಗದಲ್ಲಿ ಆ ಸೀಸನ್ನಿನಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರವರೆಗೆ ನಿಲ್ಲುವ ಹಾಗಿರಲಿಲ್ಲ. ನಡೆಯಬಹುದಿತ್ತು, ನಡೆಯುತ್ತಲೇ ಬೆರಗಾಗಬಹುದಿತ್ತು. ನಿಂತು ಬೆರಗಾದರೆ 275 ಯೂರೊವರೆಗೆ ದಂಡ ಬೀಳುತ್ತಿತ್ತು. ಸುದ್ದಿ ಓದಿ ಹೇಳಿದಾಗ ನಮ್ಮೆಜಮಾನ್ರಿಗೆ ಆಶ್ಚರ್ಯವೇ ಆಗಲಿಲ್ಲ. "ತಿರುಪತೀಲಿ ಜರಗಂಡಿ ಜರಗಂಡಿ ಅಂತ ತಳ್ಳಲ್ವೇನೇ? ಅದೇ ಕಣೇ ಇದು" ಅಂದರು. ಅದೇನೋ ನಿಜ, ಆದರೆ ತಿರುಪತಿಯಲ್ಲಿ ಹೊರಗೆ ಬಂದ ಮೇಲೆ ಲಡ್ಡು ಆದರೂ ಸಿಗುತ್ತದೆ.

ಅಲ್ಲಿನವರ ಕಷ್ಟ ಸುಳ್ಳಲ್ಲ. ಮುಷ್ಟಿಯಷ್ಟು ಊರು, ಹಡಗುಗಟ್ಟಲೆ ಜನ. ಹಾಲು ತರಲು ಹೊರಟ ಅಜ್ಜಿ ನಮ್ಮಂಥವರ ಸೂಟ್‌ಕೇಸುಗಳ ನಡುವೆ ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಊರು ತುಂಬಿದೆ, ಬರಬೇಡಿ ಅಂದುಬಿಟ್ಟರೆ ನಾವು ಗೋಕರ್ಣಕ್ಕೆ ಹೋಗುತ್ತಿದ್ದೆವು. ಬಾಯಿ ತುಂಬ ಕರೆದು, ಎಲೆ ಹಾಕಿ, ಕೂತ ಮೇಲೆ ಕೂತದ್ದಕ್ಕೆ ಬಿಲ್ಲು ಕೊಡುತ್ತಾರಲ್ಲ, ಅದು ನನಗೆ ಅರ್ಥವಾಗದ್ದು.

ಚಿಂಕ್ವೆ ತೆರ್ರೆ ಅಂದರೆ ಕಡಲ ಬದಿಯ ಗುಡ್ಡಗಳಿಗೆ ಅಂಟಿಕೊಂಡ ಐದು ಊರುಗಳು. ಅಲ್ಲಿ ಬಂಡೆ ಕೊರೆದು ಮಾಡಿದ ಒಂದು ಕಾಲುದಾರಿ ಇದೆ. ರಿಯೊಮಜ್ಜೋರೆಯಿಂದ ಮನರೋಲಾಕ್ಕೆ, ಒಂದು ಕಿಲೋಮೀಟರೂ ಇಲ್ಲ. ಹೆಸರು ಪ್ರೇಮದ ದಾರಿ. 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದನ್ನು 2024ರಲ್ಲಿ ತೆರೆದರು. ಈಗ ಪ್ರೇಮಕ್ಕೆ ಮುಂಚೆಯೇ ಬುಕಿಂಗ್ ಮಾಡಬೇಕು, ಟೈಮಿನ ಸ್ಲಾಟ್ ಹಿಡಿಯಬೇಕು, 10 ಯೂರೊ ಟಿಕೆಟ್ ಕೊಳ್ಳಬೇಕು. ಜೊತೆಗೆ ಅದು ಒನ್‌ವೇ. ಮೂವತ್ತೊಂದು ವರ್ಷ ಸಂಸಾರ ಮಾಡಿದ ನನಗೆ ಆ ಒನ್‌ವೇ ವಿಷಯದಲ್ಲಿ ಮಾತ್ರ ಯಾವ ತಕರಾರೂ ಕಾಣಲಿಲ್ಲ. ಅಲ್ಲಿನ ಗುಡ್ಡದ ದಾರಿಗಳಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದರೆ 50ರಿಂದ 2,500 ಯೂರೊ ದಂಡ ಅಂತ 2019ರಲ್ಲೇ ಎಚ್ಚರಿಸಿದ್ದಾರೆ. 2,500 ಯೂರೊ! ಆ ದುಡ್ಡಿಗೆ ನಮ್ಮ ಬೀದಿಯವರಿಗೆಲ್ಲ ಶೂ ಕೊಡಿಸಬಹುದು.

ಅಮಾಲ್ಫಿ ತೀರದ ಕಥೆಯೇ ಬೇರೆ. ವಿಯೆತ್ರಿಯಿಂದ ಪೊಸಿತಾನೊವರೆಗಿನ ಆ ಹಾವಿನಂಥ ರಸ್ತೆಗೆ 2022ರಿಂದ ಸಮ-ಬೆಸ ನಿಯಮ ಬಂದಿದೆ. ಆಗಸ್ಟ್ ಪೂರ್ತಿ, ಸೆಪ್ಟೆಂಬರ್‌ನಲ್ಲಿ ಶನಿವಾರ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಕಾರಿನ ನಂಬರಿನ ಕೊನೆಯ ಅಂಕಿಗೂ ಅಂದಿನ ತಾರೀಕಿಗೂ ಜಾತಕ ಕೂಡಿಬರಬೇಕು. ನಾವು ಹೋದದ್ದು ಸೆಪ್ಟೆಂಬರ್‌ನ ಒಂದು ಶನಿವಾರ. ಮಗಳು ಮ್ಯೂನಿಕ್‌ನಿಂದ ಫೋನ್ ಮಾಡಿ, "ಅಪ್ಪಾ, ಡೆಲ್ಲಿ ಆಡ್-ಈವನ್ ಇದ್ದ ಹಾಗೆ" ಅಂದಳು. ಇವರು ಕಾರಿನವಳ ಹತ್ತಿರ ಹೋಗಿ, ಒಂದು ಸಮ ಒಂದು ಬೆಸ ಎರಡು ಕಾರು ತಗೊಂಡರೆ ಡಿಸ್ಕೌಂಟ್ ಇದೆಯಾ ಅಂತ ಕೇಳಿದರು. ಅವಳು ನಗಲಿಲ್ಲ. ಬಹುಶಃ ಹಾಗೆ ಕೇಳಿದವರಲ್ಲಿ ಇವರು ಮೊದಲಿನವರಲ್ಲ.

ಸೊರೆಂಟೊದಲ್ಲಿ ಈಜುಡುಗೆಯಲ್ಲಿ ಅಥವಾ ಬರೀ ಮೈಯಲ್ಲಿ ಪೇಟೆ ತಿರುಗಿದರೆ 500 ಯೂರೊವರೆಗೆ ದಂಡ. ಸೆಕೆ ತಡೆಯದೆ ಇವರು ಅಂಗಿಯ ಮೂರನೇ ಗುಂಡಿಗೆ ಕೈ ಹಾಕಿದಾಗ ನಾನು ಕೈ ಹಿಡಿದು ನಿಲ್ಲಿಸಿದೆ. ಧರ್ಮಸ್ಥಳದಲ್ಲಿ ಅಂಗಿ ಬಿಚ್ಚದಿದ್ದರೆ ದರ್ಶನವಿಲ್ಲ, ಇಲ್ಲಿ ಬಿಚ್ಚಿದರೆ ದಂಡ. ಗಂಡಸರ ಪಾಡು ಎಲ್ಲಿ ಹೋದರೂ ಇಷ್ಟೇ. ನನ್ನ ಚೂಡಿದಾರ ಮಾತ್ರ ಇಟಲಿಯ ಎಲ್ಲ ಕಾನೂನುಗಳಲ್ಲೂ ಫಸ್ಟ್ ಕ್ಲಾಸ್ ಪಾಸು.

ನೆನಪಿಗೆ ಒಂದು ಹಿಡಿ ಮರಳು ತರೋಣ ಅಂದುಕೊಂಡಿದ್ದೆ. ಮಗಳು ಬೆಚ್ಚಿಬಿದ್ದಳು. 2019ರಲ್ಲಿ ಸಾರ್ಡಿನಿಯಾದಿಂದ 40 ಕಿಲೋ ಮರಳನ್ನು 14 ಬಾಟಲಿಗಳಲ್ಲಿ ತುಂಬಿ ಕಾರಿನಲ್ಲಿ ಒಯ್ಯುತ್ತಿದ್ದ ಫ್ರಾನ್ಸಿನ ಜೋಡಿಯೊಂದು ಬಂದರಿನಲ್ಲಿ ಸಿಕ್ಕಿಬಿತ್ತು. ಆರು ವರ್ಷದವರೆಗೆ ಜೈಲಾಗಬಹುದಾದ ಕೇಸು. ನಲವತ್ತು ಕಿಲೋ! ರಾತ್ರಿ ಹೊತ್ತು ನಮ್ಮ ಹೊಳೆಗಳಿಂದ ಹೊರಡುವ ಲಾರಿಗಳು ಅಷ್ಟನ್ನು ರೋಡ್ ಹಂಪ್ ಮೇಲೇ ಚೆಲ್ಲಿ ಹೋಗುತ್ತವೆ.

ಸರಿ, ನೋಟಿಸಿಗೆ ಬರೋಣ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಆಫರ್ ಇತ್ತು. ಕೈಸೇರಿದ ಐದು ದಿನದೊಳಗೆ ಕಟ್ಟಿದರೆ 30 ಪರ್ಸೆಂಟ್ ಕಡಿಮೆ. ದಂಡಕ್ಕೂ ಆಷಾಢ ಸೇಲು! ಇವರು ಅಂದೇ ಕಟ್ಟಿದರು. ಕಟ್ಟುವಾಗ ಅಲ್ಲೇ ಒಂದು ಕೋಡ್ ಕಂಡಿತು. ಅದನ್ನು ವೆಬ್‌ಸೈಟಿನಲ್ಲಿ ಹಾಕಿದರೆ ತಪ್ಪಿನ ಫೋಟೋ ನೋಡಬಹುದು. ಹಾಕಿದೆವು. ಕಾರಿನ ಹಿಂಭಾಗ, ನಂಬರು, ಹಿಂದಿನ ಗಾಜಿನೊಳಗೆ ಎರಡು ತಲೆ. ಹನ್ನೆರಡು ದಿನದ ಪ್ರವಾಸದಲ್ಲಿ ನಾವಿಬ್ಬರೂ ಒಟ್ಟಿಗೆ ಇರುವ ಫೋಟೋ ಅದೊಂದೇ. ಎಡಗಡೆಯ ತಲೆ ಸ್ವಲ್ಪ ಹಿಂಜರಿದ ಹಾಗಿದೆ. ಬಲಗಡೆಯ ತಲೆಯ ಪಕ್ಕದಲ್ಲಿ ಬಳೆ ಹಾಕಿದ ಕೈಯೊಂದು ಬೋರ್ಡಿನ ಕಡೆ ಚಾಚಿಕೊಂಡಿದೆ. "ಆಕ್ಟಿವ್ ಅಂತಿದೆ ಕಣ್ರೀ, ಹೋಗಿ ಹೋಗಿ" ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಇವರು ಏನೂ ಅನ್ನಲಿಲ್ಲ. ಸಂಜೆ ಫೋಟೋಗೆ ಪ್ರಿಂಟ್ ಹಾಕಿಸಿಕೊಂಡು ಬಂದು, ಮ್ಯಾಗ್ನೆಟ್ ಬಿದ್ದ ಜಾಗದಲ್ಲಿ ಫ್ರಿಜ್ಜಿಗೆ ಅಂಟಿಸಿದರು.